ಇನ್ನೊಂದು ಹೆಜ್ಜೆ ಹತ್ತಿರ

ಫೋನಿಗೆ ಬಂದ ಫೋಟೊ ತೆರೆದು ನೋಡಿದ ಕುಸುಮಕಾಕುವಿನ ಎದೆ ಧಸಕ್ಕೆಂದಿತು. ಬಂಡೆಯ ತುದಿಯಲ್ಲಿ ಒಂದೂವರೆ ಬೂಟು. ಬಲಗಾಲಿನದು ಪೂರ್ತಿ, ಹಿಂದೆ ಉಳಿದ ಎಡಗಾಲಿನದು ಮೂತಿ ಮಾತ್ರ. ಅವುಗಳ ಆಚೆ ನೆಲವೇ ಇಲ್ಲ. ಎಷ್ಟೋ ಕೆಳಗೆ ಕಬ್ಬಿನ ಹೊಲಗಳು, ದಾರದೆಳೆಯಂಥ ರಸ್ತೆ, ಅದರ ಮೇಲೆ ಇರುವೆಯಷ್ಟು ಒಂದು ಬಸ್ಸು. ಫೋಟೊದ ಅಡಿಯಲ್ಲಿ ಮುಕುಂದ ಬರೆದಿದ್ದ: "ಕಾಕೂ, ನಿಮ್ಮ ಮಾತಿನಂತೆ ಇನ್ನೊಂದು ಹೆಜ್ಜೆ ಹತ್ತಿರ ಹೋದೆ."

ಸಾತಾರೆಯ 'ರವಿವಾರದ ಫೋಟೊ' ಗುಂಪಿನಲ್ಲಿ ವಾರಕ್ಕೊಂದು ವಿಷಯ, ಒಬ್ಬೊಬ್ಬರದು ಒಂದೇ ಚಿತ್ರ. ಈ ವಾರ 'ಅಂಚು'. ಗುಂಪಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ತನ್ನ ಮದುವೆ ಸೀರೆಯ ಅಂಚು ತೆಗೆದು ಕಳಿಸಿ ಕೈತೊಳೆದುಕೊಂಡಿದ್ದಳು. ಯಾರೂ ಯಾರ ಹುಳುಕೂ ಹುಡುಕಬಾರದು, ಬೆನ್ನು ತಟ್ಟಬೇಕು ಅನ್ನುವುದು ಅಲ್ಲಿಯ ಕಟ್ಟಳೆ. ಬೆನ್ನು ತಟ್ಟುವುದರಲ್ಲಿ ಕಾಕುವಿನದು ಎತ್ತಿದ ಕೈ. ಮುಕುಂದ ನಲವಡೆ ಬಟ್ಟೆ ಅಂಗಡಿಯೊಂದರಲ್ಲಿ ತಲೆ ತಗ್ಗಿಸಿ ಕತ್ತರಿ ಆಡಿಸುವವನು, ಗುಂಪಿಗೆ ಬಂದ ಹೊಸದರಲ್ಲಿ ಬೆಕ್ಕನ್ನೂ ಬೀದಿಯ ಆಚೆಯಿಂದಲೇ ತೆಗೆಯುತ್ತಿದ್ದ ಪುಕ್ಕಲ. "ಚೆಂದ ಬಂದಿದೆ ಮುಕುಂದ, ಇನ್ನೊಂದು ಹೆಜ್ಜೆ ಹತ್ತಿರ ಹೋಗು" ಎಂದು ಕಾಕು ವಾರ ವಾರವೂ ಬರೆದಳು. ಅವನೂ ಹೋದ. ಬೆಕ್ಕಿನ ಮೀಸೆ ಬಂತು, ಮಗಳ ಅಲ್ಲಾಡುವ ಹಾಲುಹಲ್ಲು ಬಂತು, ಹೋದ ವಾರ ನಾಗರಹಾವಿನ ಹೆಡೆ ಬಂತು. ಈಗ ಊರ ಗುಡ್ಡದ ಮೇಲಿನ ಕೋಟೆಯ ಹಿಂದಿನ ಕಡಿದಾದ ಬಂಡೆ.

"ರೀ, ಇಲ್ನೋಡಿ. ಈ ಹುಡುಗನಿಗೆ ಹುಚ್ಚು ಹಿಡಿದಿದೆ."

ಮಾಧವರಾಯರು ಅವಲಕ್ಕಿ ಪೋಹೆಯ ತಟ್ಟೆಯಿಂದ ಕಣ್ಣೆತ್ತಿದರು. "ಫೋಟೊ ಬಂತು ಅಂದ್ಮೇಲೆ ಆಸಾಮಿ ನೆಟ್ಟಗಿದ್ದಾನೆ ಅಂತಾಯ್ತಲ್ಲ. ಬಿದ್ದವನು ಕಳಿಸ್ತಾನಾ?"

"ಬಿಡ್ತು ಅನ್ನಿ!"

ಕಾಕು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಕಲ್ಲಿನ ಮೇಲೆ ಮಳೆಗಾಲದ ಪಾಚಿ ಇನ್ನೂ ಹಸಿಯಾಗಿತ್ತು. ಬಲಗಾಲಿನ ಬೂಟಿನ ದಾರ ಬಿಚ್ಚಿ ಜೋತುಬಿದ್ದಿತ್ತು. ಅಷ್ಟರಲ್ಲೇ ಕೆಳಗೆ ಶಾಭಾಸ್‌ಗಿರಿಯ ಸಾಲು ಬೆಳೆಯುತ್ತಿತ್ತು. ಏಕ್ ನಂಬರ್! ಗಂಡೆದೆ ಕಣಪ್ಪಾ ನಿಂದು! ಬೂಟು ಇನ್ನೊಂಚೂರು ಹೊರಗೆ ಬಂದಿದ್ರೆ ಬಹುಮಾನಾನೇ ಬರ್ತಿತ್ತು!

ಫೋನು ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು.

"ಅಟ್ಟ ಹತ್ತಿಸಿದವಳೂ ನೀನೇ, ಈಗ ಏಣಿ ಹುಡುಕೋಳೂ ನೀನೇ" ಎಂದರು ರಾಯರು. "ಹುಷಾರಾಗಿರಪ್ಪ ಅಂತ ಎರಡು ಮಾತು ಬರಿ, ಸಾಕು."

"ಹಾವಿನ ಫೋಟೊಕ್ಕೆ ಹಾಗೇ ಬರೆದಿದ್ದೆ. ಅದನ್ನೂ ಹೊಗಳಿಕೆ ಅಂತಲೇ ತಗೊಂಡ. ಇವತ್ತೇನೋ ಉಳ್ಕೊಂಡ. ಮುಂದಿನ ರವಿವಾರ? ಇದು ಚೆನ್ನಾಗಿಲ್ಲ ಅಂತಲೇ ಬರೆದುಬಿಡ್ತೀನಿ."

"ಚೆನ್ನಾಗಿದೆಯಲ್ಲೇ!"

"ಚೆನ್ನಾಗಿದೆ. ಅದಕ್ಕೇ ಭಯ."

ಯಾರ ಮನಸ್ಸನ್ನೂ ನೋಯಿಸಿ ಬರೆದ ಕೈಯಲ್ಲ ಅದು. ಬರೆದಳು, ಅಳಿಸಿದಳು, ಹಾಲುಹಲ್ಲಿನ ಹುಡುಗಿಯನ್ನು ನೆನೆದು ಮತ್ತೆ ಬರೆದಳು. "ಮುಕುಂದ, ಈ ಫೋಟೊ ನನಗೆ ಹಿಡಿಸಲಿಲ್ಲ." ಬರೀ ಇಷ್ಟೇ ಆದರೆ ಅವನು ನಂಬಲಿಕ್ಕಿಲ್ಲ ಅನ್ನಿಸಿ ಒಂದು ಹುಳುಕನ್ನೂ ಹುಡುಕಿ ಸೇರಿಸಿದಳು. "ಎಡಗಾಲು ಅರ್ಧಕ್ಕೇ ತುಂಡಾಗಿದೆ." ಉತ್ಸಾಹ ಇಳಿದು ಮನೆಗೆ ಬರುತ್ತಾನೆ, ನಾಲ್ಕು ದಿನ ಮುಖ ಊದಿಸಿಕೊಂಡರೂ ಚಿಂತೆಯಿಲ್ಲ, ಮತ್ತೆ ಬೆಕ್ಕಿನ ಹಿಂದೆ ಬೀಳುತ್ತಾನೆ ಅಂದುಕೊಂಡಳು. ಗುಂಪು ಒಮ್ಮೆಲೇ ಮೈಮೇಲೆ ಬಿತ್ತು: ಕಾಕೂ, ನೀವೇ ಹೀಗಂದ್ರೆ ಹೇಗೆ? ಕಟ್ಟಳೆ ಮರೆತುಹೋಯ್ತಾ? ಕಾಕು ಫೋನನ್ನು ಬದಿಗಿಟ್ಟಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಆರಿದ ಪೋಹೆಗೆ ನಿಂಬೆ ಹಿಂಡಿಕೊಂಡು ಕೂತಳು.

ಮೊದಲ ತುತ್ತಿಗೇ ಫೋನು ಹೊಡೆದುಕೊಂಡಿತು. ಮುಕುಂದ. ಅವನ ದನಿಗಿಂತ ಮೊದಲು ಗಾಳಿಯ ಭೋರ್ಗರೆತ ಕೇಳಿಸಿತು.

"ಕಾಕೂ, ನೀವು ಹೇಳಿದ್ದು ಸರಿ. ಉಳಿದವ್ರೆಲ್ಲ ಸುಮ್ನೆ ಹೊಗಳ್ತಾರೆ, ನೀವೊಬ್ರೇ ನೋಡಿ ಹೇಳಿದ್ದು. ಇಳಿಯೋಕೆ ಶುರು ಮಾಡಿದ್ದೆ, ನೀವು ಬರೆದದ್ದು ನೋಡಿ ವಾಪಸ್ ಹತ್ತಿಬಂದೆ."

ಕಾಕು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಎಲ್ಲಿದ್ದೀಯೋ?"

"ಅದೇ ಬಂಡೆ ಮೇಲೆ. ಕಿವಿಗೆ ವೈರು ಹಾಕ್ಕೊಂಡಿದ್ದೀನಿ, ಕೈ ಖಾಲಿ ಇದೆ. ಎಡಗಾಲು ಪೂರ್ತಿ ಬರಬೇಕಂದ್ರೆ ಅದನ್ನೂ ತುದಿಗೇ ತರಬೇಕು. ನೀವು ಹೇಳ್ತಾ ಹೋಗಿ, ನಾನು ಇಡ್ತಾ ಹೋಗ್ತೀನಿ."

"ಹಿಂದೆ ಬಾ! ಮುಕುಂದಾ, ಹಿಂದೆ, ಹಿಂದೆ!"

ಮಾಧವರಾಯರು ಎದ್ದು ನಿಂತರು. ಫೋನಿನೊಳಗೆ ಗಾಳಿ ಒಮ್ಮೆ ಏರಿ ಇಳಿಯಿತು.

"ಏನಂದ್ರಿ ಕಾಕೂ? ಗಾಳಿ ಜೋರಿದೆ, ಅರ್ಧಂಬರ್ಧ ಕೇಳ್ತಿದೆ. ಹಿಂದೆ ಅಂದ್ರಾ, ಮುಂದೆ ಅಂದ್ರಾ?" ಅವನು ನಕ್ಕ. "ಇರಲಿ ಬಿಡಿ, ಗೊತ್ತಾಯ್ತು. ನೀವು ಯಾವತ್ತೂ ಹೇಳೋದು ಒಂದೇ ಅಲ್ವಾ."