ಮೇಲಿನ ಮನೆಯ ಸದ್ದು

ಮೇಲಿನ ಮನೆಯವರಿಗೆ ಹೇಳಿ ಹೇಳಿ ಸಾಕಾಗಿ ಕಡೆಗೆ ಗಾಯಕಿ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಕೋಣೆಗೆ ಇನ್ನೊಂದು ಸೀಲಿಂಗ್ ಹಾಕಿಸಿ, ನಡುವೆ ಸದ್ದು ತಡೆಯುವ ದಪ್ಪ ಹಾಸು ತುಂಬಿಸಿದಳು. ಮೇಲಿನ ಮನೆಯಲ್ಲಿ ಕುರ್ಚಿ ಎಳೆದರೂ, ಪಾತ್ರೆ ಬಿದ್ದರೂ ಮೊದಲೆಲ್ಲ ಮೈಕಿಗೆ ಕೇಳುತ್ತಿತ್ತು. ಈಗ ಏನೂ ಇಲ್ಲ.

ಮೆಟ್ಟಿಲ ಮೇಲೆ ಸಿಕ್ಕ ಮೇಲಿನ ಮನೆಯ ಯಜಮಾನರಿಗೂ ಖುಷಿಯಿಂದ ಹೇಳಿದಳು. “ಇನ್ನು ಸಂಕೋಚ ಬೇಡ ಸರ್. ನಿಮ್ಮ ಮನೇಲಿ ಏನು ಬಿದ್ದರೂ ನನಗೆ ಕೇಳಲ್ಲ.”

“ಒಳ್ಳೇದಾಯ್ತು ಬಿಡಿ,” ಎಂದು ಅವರು ನಕ್ಕರು.

ವಾರ ಕಳೆದ ಮೇಲೆ ಅವರ ಹೆಂಡತಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಬಟ್ಟಲನ್ನು ಎಡಗೈಯಲ್ಲಿ ಚಾಚಿದರು. ಬಲಗೈ ಸೆರಗಿನೊಳಗಿತ್ತು.

“ಕೆಳಗೆ ನಿಜವಾಗ್ಲೂ ಏನೂ ಕೇಳಿಸಲ್ವಾ?”

“ಒಂಚೂರೂ ಇಲ್ಲ ರೀ. ಇಷ್ಟು ದಿನ ದೂರು ಹೇಳಿ ನಿಮಗೂ ಕಿರಿಕಿರಿ ಮಾಡಿದೆ.”

ಮೊಸರು ಹಾಕಿಸಿಕೊಂಡ ಮೇಲೂ ಆಕೆ ಹೊಸಿಲಲ್ಲೇ ನಿಂತಿದ್ದರು.

“ಕೆಳಗಿನವರಿಗೆ ಕೇಳಿಸುತ್ತೆ ಅಂದ್ರೆ ನಮ್ಮ ಯಜಮಾನ್ರು ಎತ್ತಿದ ಕೈ ಇಳಿಸ್ತಿದ್ರು,” ಎಂದರು. “ಈಗಲೂ ಕೇಳಿಸ್ತಿದೆ ಅಂತ ಅವರಿಗೊಂದು ಮಾತು ಹೇಳ್ತೀರಾ?”