ಮಾಸ್ತರರ ಚವಳಿಕಾಯಿ

ಸುಶೀಲವ್ವ ತೀರಿಹೋದ ಗಂಡ ಮಾಸ್ತರರ ಪಾತಿಯ ಬದಿಗೆ ಕೂತು ಮೊದಲ ಕೊಯ್ಲಿನ ಚವಳಿಕಾಯಿ ಹರಿಯುತ್ತಿದ್ದಳು. ಬೆನ್ನು ಹಿಡಿದುಕೊಂಡಿತ್ತು. ಊರಲ್ಲಿ ಸುಡುವುದು, ಹೂಳುವುದು ಎರಡೂ ನಿಂತುಹೋಗಿದ್ದವು. ಸತ್ತವರನ್ನು ಕೆರೆದಂಡೆಯ ಈ ಮೀಸಲು ನೆಲದಲ್ಲೇ ಗೊಬ್ಬರ ಮಾಡಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಪಾತಿ ಹಾಕುತ್ತಿದ್ದರು. ಊರಿನ ಕಾಯಿಪಲ್ಲೆಯೆಲ್ಲ ಇಲ್ಲಿಯದೇ. ಪಕ್ಕದಲ್ಲಿ ಅಂಚೆಯ ಗಿರಿಯಪ್ಪನ ಪಾತಿಯ ಬದನೆ ಈ ಸಲ ಚೆನ್ನಾಗಿ ಬಂದಿತ್ತು.

ತೋಟ ನೋಡಿಕೊಳ್ಳುವ ದಾವಲಬಿ ಬಂದು ತುಂಬಿದ ಬುಟ್ಟಿ ಎತ್ತಿಕೊಂಡಳು. ಸತ್ತವರು ಯಾರೊಂದಿಗೆ ಮಾತು ಬಿಟ್ಟಿದ್ದರೋ, ಮೊದಲ ಕೊಯ್ಲು ಅವರಿಗೆ. ಅವರು ತಿಂದ ಮೇಲೆಯೇ ಉಳಿದವರಿಗೆ. ಅದು ತೋಟದ ಪದ್ಧತಿ.

"ಅಕ್ಕಾರ, ಮಾಸ್ತರು ಯಾರ ಜೋಡಿ ಮಾತು ಬಿಟ್ಟಿದ್ರು? ಹೇಳ್ರಿ, ನಾನ ಒಯ್ದು ಕೊಟ್ಟು ಬರ್ತೀನಿ."

ಸುಶೀಲವ್ವ ಕೈಯ ಮಣ್ಣು ಒರೆಸಿಕೊಂಡಳು. ದಾವಲಬಿಯೇ ಮುಂದುವರಿಸಿದಳು:

"ಊರಾಗ ಎಲ್ಲಾರನ್ನೂ ಕೇಳೇನಿ. ಒಬ್ಬರೂ ಹೂಂ ಅನ್ನಲಿಲ್ಲ. ಅಷ್ಟು ನಕ್ಕೋತ ಮಾತಾಡೋ ಮನಷ್ಯಾ ಇನ್ನೊಬ್ಬ ಸಿಗಂಗಿಲ್ಲ ಅಂತಾರ."

"ಹೌದವ್ವಾ. ಊರ ಮಂದಿ ಜೋಡಿ ಭಾಳ ಮಾತಾಡ್ತಿದ್ರು."

"ಮತ್ತ ಈ ಬುಟ್ಟಿ ಯಾರಿಗೆ ಕೊಡ್ಲಿ?"

ಸುಶೀಲವ್ವ ಮೊಣಕಾಲಿಗೆ ಕೈಯೂರಿ ನಿಧಾನ ಎದ್ದಳು. ಸೆರಗಿನ ತುದಿ ಬಿಡಿಸಿ ಹರವಿ ಹಿಡಿದಳು.

"ಇದರಾಗ ಸುರುವು. ಮಗಳ ಲಗ್ನ ಆದಾಗಿಂದ ಮನ್ಯಾಗ ಅವರು ನನ್ನ ಜೋಡಿ ಒಂದು ಮಾತು ಆಡಿರಲಿಲ್ಲ."

ದಾವಲಬಿ ಬುಟ್ಟಿ ಬಗ್ಗಿಸಿದಳು.

ಸುಶೀಲವ್ವ ಸೆರಗು ಗಂಟು ಹಾಕಿಕೊಂಡು ಮನೆಯ ದಾರಿ ಹಿಡಿದಳು. ತಿರುಗಿ ನೋಡದೆಯೇ ಹೇಳಿದಳು: "ಇವತ್ತು ನಾ ತಿಂತೀನಿ. ನಾಳಿಂದ ಊರಿಗೆ ಹಂಚು."