ಪೈಲಟ್ ಇಲ್ಲದ ವಿಮಾನಗಳು

ಪ್ಲಾಸ್ಟಿಕ್ ಅಂಟಿನ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಬಸವೇಶ್ವರನಗರದಲ್ಲಿ ಎದುರುಮನೆಯ ರುದ್ರಪ್ಪ ತಾತನಿಗೂ ಅಪ್ಪನಿಗೂ ಹಳೆಯ ಯುದ್ಧವಿಮಾನಗಳ ಹುಚ್ಚು. ತಾತ ಅವುಗಳ ಪುಟ್ಟ ಮಾದರಿಗಳನ್ನು ಅಂಟಿಸಿ, ಬಣ್ಣ ಬಳಿದು ಶೋಕೇಸಿನಲ್ಲಿ ಇಡುತ್ತಿದ್ದರು. ನನಗಾಗ ಎಂಟು ವರ್ಷ. ಒಂದು ಭಾನುವಾರ ಮಧ್ಯಾಹ್ನ, ಯಾವ ಯುದ್ಧವಿಮಾನ ಮೇಲು ಎಂದು ಇಬ್ಬರ ನಡುವೆ ಜೋರು ವಾದ ನಡೆದಿತ್ತು.

"ಹಂಟರ್ ಮುಂದೆ ಯಾವ್ದೂ ನಿಲ್ಲಲ್ಲ ಸಾರ್. ಆ ಮೂತಿ, ಆ ರೆಕ್ಕೆ ನೋಡಿ," ಎಂದರು ಅಪ್ಪ.

"ಅಂದ ಇಟ್ಕೊಂಡು ಏನ್ಮಾಡ್ತೀರಾ? ನಮ್ ನ್ಯಾಟ್ ಪುಟಾಣಿ, ಆದ್ರೆ ಯಾರ ಕೈಗೂ ಸಿಗಲ್ಲ," ಎಂದರು ತಾತ.

ಅವರೆದುರು ಆಗಷ್ಟೇ ಅಂಟಿಸಿದ್ದ ನ್ಯಾಟ್ ಒಣಗುತ್ತಿತ್ತು. ಅದರ ಸೀಟು ಖಾಲಿಯಿತ್ತು. ಉಗುರಿನಷ್ಟು ಪೈಲಟ್ ಗೊಂಬೆ ಡಬ್ಬಿಯಲ್ಲೇ ಬಿದ್ದಿತ್ತು. ತಾತ ಮರೆತಿದ್ದಾರೆಂದುಕೊಂಡು ನಾನು ಅದನ್ನು ಕೂರಿಸಿ, ಸೀಟಿನ ಮೇಲಿನ ಗಾಜಿನಂಥ ಮುಚ್ಚಳಕ್ಕೂ ಅಂಟು ಹಚ್ಚಿ ಒತ್ತಿದೆ. ವಾದ ಮುಗಿಯುವಷ್ಟರಲ್ಲಿ ಅಂಟು ಗಟ್ಟಿಯಾಗಿತ್ತು.

"ತಾತ, ನೋಡಿ, ಪೈಲಟ್ ಹತ್ತಿಸಿದೀನಿ!"

ಅಪ್ಪ ನನ್ನ ರಟ್ಟೆ ಹಿಡಿದರು. ಶೋಕೇಸಿನ ಯಾವ ವಿಮಾನದಲ್ಲೂ ಪೈಲಟ್ ಇಲ್ಲವೆಂಬುದು ನನಗೆ ಆಗ ಕಾಣಿಸಿತು. ಶೋಕೇಸಿನ ಮೇಲಿನ ಗೋಡೆಯಲ್ಲಿ ತಾತನ ಪೈಲಟ್ ಮಗನ ಫೋಟೋ ಇತ್ತು; ಬೀಳುತ್ತಿದ್ದ ವಿಮಾನದಿಂದ ಹೊರಗೆ ಹಾರಲಾಗದೆ ಅವರು ತೀರಿಕೊಂಡಿದ್ದರು. ಫೋಟೋಗೆ ಹಾಕಿದ್ದ ಗಂಧದ ಹಾರ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.

ತಾತ ಬೈಯಲಿಲ್ಲ. ಮುಚ್ಚಳದ ಅಂಚಿಗೆ ಉಗುರು ಸಿಕ್ಕಿಸಿ ಮೀಟಿದರು. ಮತ್ತೆ ಮೀಟಿದರು. ಉಗುರಿನ ಸಂದಿಯಲ್ಲಿ ರಕ್ತ ಬಂತು.

"ಇದೂ ತೆರ್ಕೊಳ್ತಿಲ್ಲ," ಎಂದರು.